ಮದುವೆಗೆ ಮುಂಚೆ ಮೂರು ತಿಂಗಳು ಜರ್ಮನಿಗೆ: ಹೋಗಿ ಬಂದವರು ಹೇಳಿ

ಸಂತೆಕಟ್ಟೆ ಹುಡುಗಿ:
ನಾನು ಉಡುಪಿಯವಳು. ನನಗೆ ನಿಶ್ಚಯ ಆದ ಹುಡುಗ ಸ್ಟಟ್‌ಗಾರ್ಟ್‌ನಲ್ಲಿ ಕೆಲಸದಲ್ಲಿದ್ದಾನೆ. ಮದುವೆ ಡಿಸೆಂಬರ್‌ನಲ್ಲಿ. ಅದಕ್ಕೆ ಮುಂಚೆ ಜುಲೈ 1ರಿಂದ ಸೆಪ್ಟೆಂಬರ್ ಕೊನೆವರೆಗೆ ಅಲ್ಲಿ ಇದ್ದು ಬರಬೇಕು ಅಂತ ಆಸೆ. ಇಷ್ಟು ಕಾಲ ಎಲ್ಲ ಫೋನಿನಲ್ಲೇ ಆಯ್ತು. ಅವನ ಆಫೀಸು ಮುಗಿಯುವ ಹೊತ್ತಿಗೆ ನನಗಿಲ್ಲಿ ಕಣ್ಣು ಎಳೆಯುತ್ತಿರುತ್ತದೆ. ಸಿಟ್ಟು ಬಂದಾಗ ಹೇಗಿರುತ್ತಾನೆ, ಜ್ವರ ಬಂದಾಗ ಹೇಗಿರುತ್ತಾನೆ, ಇದೆಲ್ಲ ಒಂದೇ ಮನೆಯಲ್ಲಿದ್ದರೆ ತಾನೇ ಗೊತ್ತಾಗುವುದು? ಮನೆಯಲ್ಲಿ ಒಪ್ಪಿದ್ದಾರೆ. ಆದರೆ ಇಲ್ಲಿನ ಏಜೆಂಟ್ ಒಬ್ಬರು, "ಹುಡುಗನ ವಿಷಯ ಬರೆಯಲೇಬೇಡಿ, ಟೂರಿಸ್ಟ್ ಅಂತ ಹಾಕಿ, ಹೋಟೆಲ್ ಬುಕಿಂಗ್ ತೋರಿಸುವ" ಅನ್ನುತ್ತಿದ್ದಾರೆ. ನನಗೆ ಯಾಕೋ ಸರಿ ಕಾಣುತ್ತಿಲ್ಲ. ಮತ್ತೆ, ನನ್ನದು ಮನೆಯಿಂದಲೇ ಮಾಡುವ ಕೆಲಸ. ಅಲ್ಲಿಂದ ಮಾಡಬಹುದಾ?

ಕದ್ರಿಯವಳು:
ಏಜೆಂಟ್ ಮಾತು ಖಂಡಿತ ಕೇಳಬೇಡಿ. ನಾನೂ ಮದುವೆಗೆ ಮುಂಚೆ ಹೀಗೇ ಹೋದವಳು. ಹುಡುಗನ ಹೆಸರು, ವಿಳಾಸ, ನಿಶ್ಚಿತಾರ್ಥದ ಫೋಟೋ ಎಲ್ಲ ಕೊಟ್ಟಿದ್ದೆ. ಫ್ರಾಂಕ್‌ಫರ್ಟ್‌ನಲ್ಲಿ ಇಳಿದಾಗ ಗಾಜಿನ ಹಿಂದೆ ಕೂತ ಪೊಲೀಸಮ್ಮ ಕೇಳಿದ್ದು ಇಷ್ಟೇ: ಯಾರ ಮನೆ, ಅವರು ನಿಮಗೇನಾಗಬೇಕು, ವಾಪಸ್ ಯಾವಾಗ. ಕಾಗದದಲ್ಲಿ ಹೋಟೆಲ್ ಇದ್ದು ಬಾಯಲ್ಲಿ ಹುಡುಗನ ಮನೆ ಬಂದರೆ ಏನಾಗುತ್ತದೆ ಯೋಚಿಸಿ. ಕೈಯಲ್ಲಿ ವೀಸಾ ಇದ್ದರೂ ಅಲ್ಲಿಂದಲೇ ವಾಪಸ್ ಕಳಿಸುವ ಅಧಿಕಾರ ಅವರಿಗಿದೆ.

ಇನ್ನೊಂದು, ನಿಮ್ಮ ತಾರೀಕು. ಜುಲೈ, ಆಗಸ್ಟ್, ಸೆಪ್ಟೆಂಬರ್ ಸೇರಿದರೆ 92 ದಿನ. ನಿಮಗೆ ಸಿಗುವುದು ಷೆಂಗೆನ್ ವೀಸಾ, ಅಂದರೆ ಜರ್ಮನಿ ಸೇರಿ ಯುರೋಪಿನ ಹಲವು ದೇಶಗಳಿಗೆ ಒಟ್ಟಿಗೆ ನಡೆಯುವ ಅಲ್ಪಾವಧಿ ವೀಸಾ. ಅದರಲ್ಲಿ ಯಾವುದೇ 180 ದಿನಗಳೊಳಗೆ 90ಕ್ಕಿಂತ ಜಾಸ್ತಿ ಇರುವಂತಿಲ್ಲ. ಇಳಿದ ದಿನವೂ ಲೆಕ್ಕಕ್ಕೆ, ಹೊರಟ ದಿನವೂ ಲೆಕ್ಕಕ್ಕೆ. ಜುಲೈ 1ಕ್ಕೆ ಇಳಿದರೆ ಸೆಪ್ಟೆಂಬರ್ 28 ಕೊನೆ. ಅದೂ 90 ಕೊಟ್ಟರೆ! ವೀಸಾ ಸ್ಟಿಕ್ಕರ್‌ನಲ್ಲಿ ತಾರೀಕುಗಳಲ್ಲದೆ ದಿನಗಳ ಸಂಖ್ಯೆ ಬೇರೆ ಇರುತ್ತದೆ. ತಾರೀಕು ಅಕ್ಟೋಬರ್‌ವರೆಗೆ ಇದ್ದರೂ ನೀವು ಇರಬಹುದಾದ್ದು ಆ ಸಂಖ್ಯೆಯಷ್ಟೇ ದಿನ. ಮದುವೆಯಾದ ಮೇಲೆ ಹೋಗುವ ವೀಸಾ ಬೇರೆಯೇ, ಅದಕ್ಕೆ ಈ 90ರ ಲೆಕ್ಕ ಇಲ್ಲ. ಆದರೆ ಒಂದು ದಿನ ಜಾಸ್ತಿ ಉಳಿದರೂ ಮುಂದಿನ ಅರ್ಜಿಯಲ್ಲಿ ಅದು ಕಾಣುತ್ತದೆ. ಮದುವೆ ಎದುರಿಗಿಟ್ಟುಕೊಂಡು ಅಂಥದ್ದೆಲ್ಲ ಯಾಕೆ, ಅಲ್ವಾ?

ಮಣಿಪಾಲದಿಂದ:
ಖರ್ಚು ಹುಡುಗನದಾದರೆ ಅವನು ಅಲ್ಲಿನ ವಿದೇಶಿಯರ ಕಚೇರಿಯಲ್ಲಿ 'ಫೆರ್‌ಫ್ಲಿಖ್ಟುಂಗ್ಸ್‌ಎರ್ಕ್ಲೇರುಂಗ್' ಅನ್ನುವ ಹೊಣೆಪತ್ರ ಮಾಡಿಸಬೇಕು. ಅಸಲು ಪ್ರತಿಯನ್ನೇ ಕೊರಿಯರ್ ಮಾಡಲು ಹೇಳಿ. ಇನ್ಶೂರೆನ್ಸ್ ಕನಿಷ್ಠ 30,000 ಯೂರೋದ್ದು ಬೇಕು. ಪ್ರಯಾಣಕ್ಕೆ 6 ತಿಂಗಳು ಮೊದಲೇ ಅರ್ಜಿ ಹಾಕಬಹುದು. ಬೆರಳಚ್ಚಿಗೆ ಬೆಂಗಳೂರಿಗೆ ನೀವೇ ಹೋಗಬೇಕು.

ಕೆಲಸದ ವಿಷಯ: ವಿಸಿಟ್ ವೀಸಾದಲ್ಲಿ ಕೆಲಸಕ್ಕೆ ಅನುಮತಿ ಇಲ್ಲ. ಸುಮ್ನೆ ರಿಸ್ಕ್ ಬೇಡ, ರಜೆ ಕೇಳಿ. ಇಂಥ ದಿನ ಕೆಲಸಕ್ಕೆ ಮರಳುತ್ತಾರೆ ಅಂತ ಕಂಪನಿ ಬರೆದುಕೊಟ್ಟರೆ ನೀವು ವಾಪಸ್ ಬರುತ್ತೀರಿ ಅನ್ನುವುದಕ್ಕೆ ಅದೇ ಒಳ್ಳೆ ಸಾಕ್ಷಿ.

ಅಮ್ಮ ತುಪ್ಪ ಕಟ್ಟಿಕೊಟ್ಟರೆ ಮನೆಯಲ್ಲೇ ಬಿಡಿ. ಹಾಲಿನ ಪದಾರ್ಥ, ಮಾಂಸ ಅಲ್ಲಿಗೆ ಒಯ್ಯುವಂತಿಲ್ಲ.

ಸಂತೆಕಟ್ಟೆ ಹುಡುಗಿ:
ತುಂಬಾ ಉಪಕಾರ ಆಯ್ತು. ಏಜೆಂಟರಿಗೆ ಬೇಡ ಅಂದೆ. ಇವತ್ತೇ ಮ್ಯಾನೇಜರ್ ಹತ್ತಿರ ರಜೆ ಮಾತಾಡುತ್ತೇನೆ. ವಾಪಸ್ ಟಿಕೆಟ್ ಸೆಪ್ಟೆಂಬರ್ 25ಕ್ಕೆ ನೋಡುತ್ತಿದ್ದೇನೆ, ಫ್ಲೈಟ್ ರದ್ದಾದರೂ ದಿನ ಉಳಿದಿರಲಿ ಅಂತ. ಹೋಗುವಾಗ ಇಲ್ಲೇ ಮಂಗಳೂರಿನ ಬಜ್ಪೆ ಏರ್‌ಪೋರ್ಟಿನಿಂದ ದುಬೈ ಮೇಲೆ ಹೋಗುವುದಾ, ಬೆಂಗಳೂರಿನಿಂದ ನೇರ ಫ್ರಾಂಕ್‌ಫರ್ಟ್‌ಗಾ?

ಕದ್ರಿಯವಳು:
ಬೆಂಗಳೂರಾದರೆ ಒಂದು ದಿನ ಮೊದಲೇ ಹೊರಡಿ. ಆ ಮಳೆಗೆ ಶಿರಾಡಿ ಘಾಟಿಯಲ್ಲಿ ಯಾವಾಗ ಗುಡ್ಡ ಜರಿಯುತ್ತದೆ ಅಂತ ಹೇಳಲಿಕ್ಕಾಗುವುದಿಲ್ಲ. ನಾನಾದರೆ ಬಜ್ಪೆಯಿಂದಲೇ ಹೋಗುತ್ತೇನೆ.