ಹಿಟ್ಲರ್ ಸೋತ ಮೇಲೆ ಗೆಳೆಯರೇ ವೈರಿಗಳಾದದ್ದು ಹೇಗೆ? ಮಕ್ಕಳಿಗೆ ಹೇಗೆ ಹೇಳಲಿ?

ಬ್ರಹ್ಮಪುರ ಟೀಚರ್ (ಕಲಬುರಗಿ):

ಎಲ್ಲರಿಗೂ ನಮಸ್ಕಾರ. ನಾನು ಹೈಸ್ಕೂಲಿನಲ್ಲಿ ಸಮಾಜ ವಿಜ್ಞಾನ ಕಲಿಸುತ್ತೇನೆ. ಹೋದ ವಾರ ಎರಡನೇ ಮಹಾಯುದ್ಧ ಮುಗಿಸಿ ಶೀತಲ ಸಮರಕ್ಕೆ ಬಂದೆ. ಹಿಂದಿನ ಬೆಂಚಿನ ಹುಡುಗಿ ಎದ್ದು ನಿಂತಳು. "ಮಿಸ್, ಅಮೆರಿಕ, ರಷ್ಯಾ ಕೂಡಿ ಹಿಟ್ಲರ್‌ನನ್ನು ಸೋಲಿಸಿದ್ರು ಅಂದ್ರಿ. ಮತ್ತೆ ಅಷ್ಟು ಲಗೂನೆ ಜಗಳ ಯಾಕ ಬಂತು?" ಬಂಡವಾಳಶಾಹಿ, ಸಮತಾವಾದ (ಕಮ್ಯುನಿಸಂ), ಎರಡು ಬಣ ಅಂತ ಪುಸ್ತಕದಲ್ಲಿದ್ದದ್ದನ್ನೇ ಹೇಳಿದೆ. ಅವಳ ಮುಖ ನೋಡಿದರೆ ಏನೂ ತಲೆಗೆ ಹೋಗಿರಲಿಲ್ಲ. ನನಗೂ ಸಮಾಧಾನ ಆಗಲಿಲ್ಲ.

ಮನೆಗೆ ಬಂದು ಮುತ್ಯಾನ (ಅಜ್ಜನ) ಮುಂದೆ ಇದನ್ನು ಹೇಳಿದೆ. 1948ರಲ್ಲಿ ಅವರಿಗೆ ಹನ್ನೆರಡು ವರ್ಷ. ಚಿತ್ತಾಪುರದ ಕಡೆ ಹಳ್ಳಿ. ಭಾರತದ ಸೈನ್ಯ ಹೈದರಾಬಾದ್ ಸಂಸ್ಥಾನಕ್ಕೆ ಬಂದು, ಅಂದರೆ ಪೊಲೀಸ್ ಆ್ಯಕ್ಷನ್ ಆಗಿ, ನಿಜಾಮರ ಪರದ ರಜಾಕಾರರ ಪಡೆಯ ಕಾಟ ನಿಂತಿತ್ತು. ಆದರೂ ಅವರಪ್ಪ ಹಗೇವಿನ (ನೆಲದೊಳಗೆ ಜೋಳ ತುಂಬಿಡುವ ಗುಂಡಿಯ) ಬಾಯಿ ತೆರೆಯಲಿಲ್ಲವಂತೆ. "ತೆಲಂಗಾಣದ ಕಡಿಯಿಂದ ಕಮ್ಯುನಿಸ್ಟರು ಬರ್ತಾರ, ಜ್ವಾಳ ಹಂಚಿಬಿಡ್ತಾರ" ಅಂತ ಊರೆಲ್ಲ ಮಾತಿತ್ತಂತೆ. ಮೇಲೆ ಮಣ್ಣು ಮೆತ್ತಿ, ಅದರ ಮೇಲೆ ಕಣಕಿ (ಜೋಳದ ದಂಟು) ಒಟ್ಟಿ, ದನ ಕಟ್ಟಿದ್ದರಂತೆ.

ನಮ್ಮ ಹಳ್ಳಿಯ ಆ ಹೆದರಿಕೆಗೂ ಅಮೆರಿಕದವರ ಹೆದರಿಕೆಗೂ ಏನಾದರೂ ನಂಟು ಇದೆಯಾ? ತಿಳಿದವರು ಹೇಳಿ.

ಬೀದರ್ ಮಾಸ್ತರ್:

ಟೀಚರ್ ಅವರೇ, ಮೂವತ್ತು ವರ್ಷ ಇದೇ ಪಾಠ ಮಾಡಿ ನಿವೃತ್ತನಾದವನು ನಾನು. ಬಣ, ಸಿದ್ಧಾಂತ ಅಂತ ಶುರು ಮಾಡಬೇಡಿ. ಕಲ್ಲಿದ್ದಲಿನಿಂದ ಶುರು ಮಾಡಿ.

ಯುದ್ಧ ಮುಗಿದಾಗ ಅಮೆರಿಕ, ಬ್ರಿಟನ್, ಫ್ರಾನ್ಸ್, ರಷ್ಯಾ ಸೇರಿ ಜರ್ಮನಿಯನ್ನು ನಾಲ್ಕು ಪಾಲು ಮಾಡಿದರು. ಬರ್ಲಿನ್ ಇದ್ದದ್ದು ರಷ್ಯಾದ ಪಾಲಿನ ನಡುವೆ. ಆ ಊರನ್ನೂ ನಾಲ್ಕು ಪಾಲು ಮಾಡಿದರು. ರಷ್ಯಾಕ್ಕೆ ಜರ್ಮನಿ ಮತ್ತೆ ತಲೆ ಎತ್ತಬಾರದು ಅನ್ನೋದೇ ಚಿಂತೆ. ಆ ಯುದ್ಧದಲ್ಲಿ ಎರಡು ಕೋಟಿಗೂ ಜಾಸ್ತಿ ಜನರನ್ನು ಕಳೆದುಕೊಂಡ ದೇಶ ಅದು. ಹಾಗಾಗಿ ಸುತ್ತಲಿನ ದೇಶಗಳಲ್ಲಿ ತನ್ನ ಮಾತು ಕೇಳುವ ಸರ್ಕಾರಗಳೇ ಇರಬೇಕು ಅಂತ ರಷ್ಯಾದ ನಾಯಕ ಸ್ಟಾಲಿನ್ ಹಠ ಹಿಡಿದರು. ಅಮೆರಿಕಕ್ಕೆ ಬೇರೆ ಚಿಂತೆ. ಹಸಿದ ಯುರೋಪ್ ಕಮ್ಯುನಿಸ್ಟರ ಕೈಗೆ ಹೋಗುತ್ತದೆ ಅಂತ. ಇಟಲಿ, ಫ್ರಾನ್ಸ್‌ಗಳಲ್ಲಿ ಆ ಪಕ್ಷಗಳಿಗೆ ಲಕ್ಷಗಟ್ಟಲೆ ಓಟು ಬೀಳುತ್ತಿದ್ದವು. 1947ರ ಮಾರ್ಚ್ 12ಕ್ಕೆ ಅಮೆರಿಕದ ಅಧ್ಯಕ್ಷ ಟ್ರೂಮನ್ ಗ್ರೀಸ್ ಮತ್ತು ಟರ್ಕಿಗೆ ಕೊಡಲು 40 ಕೋಟಿ ಡಾಲರ್ ಕೇಳಿದರು. ಜೂನ್‌ನಲ್ಲಿ ಯುರೋಪನ್ನು ಮತ್ತೆ ಕಟ್ಟಲು ಹಣ ಕೊಡುವ ಮಾರ್ಷಲ್ ಯೋಜನೆಯ ಮಾತು ಬಂತು. ಕೊನೆಗೆ ಅದರಲ್ಲಿ ಹೋದದ್ದು ಸುಮಾರು 1,300 ಕೋಟಿ ಡಾಲರ್. ಅಮೆರಿಕದವರು ಅದನ್ನು ನೆರವು ಅಂದರು, ಸ್ಟಾಲಿನ್‌ಗೆ ಅದು ಬಲೆಯಂತೆ ಕಂಡಿತು. 1948ರ ಫೆಬ್ರವರಿಯಲ್ಲಿ ಚೆಕೊಸ್ಲೊವಾಕಿಯಾದ ರಾಜಧಾನಿ ಪ್ರಾಗ್‌ನಲ್ಲಿ ಕಮ್ಯುನಿಸ್ಟರು ಅಧಿಕಾರ ಹಿಡಿದಾಗ ಅಮೆರಿಕದ ಕಡೆಯವರ ಎದೆ ಒಡೆಯಿತು.

ಆ ಜೂನ್‌ನಲ್ಲಿ ಪಶ್ಚಿಮದವರು ತಮ್ಮ ಪಾಲಿನ ಜರ್ಮನಿಗೆ ಹೊಸ ನೋಟು ತಂದರು. ಜರ್ಮನಿ ಮತ್ತೆ ತಲೆ ಎತ್ತುತ್ತದೆ ಅಂತ ಜೂನ್ 24ಕ್ಕೆ ರಷ್ಯಾ ಪಶ್ಚಿಮ ಬರ್ಲಿನ್‌ಗೆ ಹೋಗುವ ರೈಲು, ರಸ್ತೆ, ಕಾಲುವೆ ಎಲ್ಲ ಮುಚ್ಚಿತು. ಒಳಗೆ ಇಪ್ಪತ್ತು ಲಕ್ಷಕ್ಕೂ ಜಾಸ್ತಿ ಜನ. ಅವರಿಗೆ ಬೇಕಾದ ಹಿಟ್ಟು, ಹಾಲಿನ ಪುಡಿ, ಕಲ್ಲಿದ್ದಲು ಎಲ್ಲ ಪಶ್ಚಿಮದವರ ವಿಮಾನದಲ್ಲಿ ಹೋಯಿತು. ಹೊತ್ತ ಭಾರದಲ್ಲಿ ಜಾಸ್ತಿ ಪಾಲು ಕಲ್ಲಿದ್ದಲೇ. 1949ರ ಏಪ್ರಿಲ್‌ನಲ್ಲಿ ಒಂದೇ ದಿನ 1,398 ವಿಮಾನ ಇಳಿದು 12,941 ಟನ್ ಸರಕು ಇಳಿಸಿದವು. ನಿಮ್ಮ ಮಕ್ಕಳಿಗೆ ಗಂಜ್ (ದವಸದ ಮಾರುಕಟ್ಟೆ) ಗೊತ್ತಲ್ವಾ? ತೊಗರಿ ಸುಗ್ಗಿಯಲ್ಲಿ ನೆಹರು ಗಂಜ್‌ನಲ್ಲಿ ಲಾರಿ ಸಾಲು ನಿಂತಿರುತ್ತದೆ. ಸುಮಾರು ತೊಂಬತ್ತು ಕ್ವಿಂಟಲ್ ತುಂಬಿದ ಲಾರಿ ನಿಮಿಷಕ್ಕೊಂದು ಬಂದು ನಿಲ್ಲುತ್ತದೆ, ಹಗಲೂ ರಾತ್ರಿ, ಆಕಾಶದಿಂದ. ಹಾಗೆ ಲೆಕ್ಕ ಮಾಡಿಸಿ. ನಾನು ಬೋರ್ಡ್ ಮೇಲೆ ಇದನ್ನು ಮಾಡಿಸಿದಾಗ ಕ್ಲಾಸು ಸುಮ್ನೆ ಕೂತುಬಿಡುತ್ತಿತ್ತು. 1949ರ ಮೇ 12ಕ್ಕೆ ದಾರಿ ತೆರೆಯಿತು.

ಈಗ ನಮ್ಮ ಮಾತು. ಹೈದರಾಬಾದ್ ಸಂಸ್ಥಾನ ಆಳುತ್ತಿದ್ದ ನಿಜಾಮರು ಭಾರತದ ಮೇಲೆ ವಿಶ್ವಸಂಸ್ಥೆಗೆ ದೂರು ಕೊಟ್ಟಿದ್ದರು. ಭದ್ರತಾ ಮಂಡಳಿ ಆ ಹೊತ್ತಿನಲ್ಲಿ ಪ್ಯಾರಿಸ್‌ನಲ್ಲಿ ಸೇರುತ್ತಿತ್ತು. 1948ರ ಸೆಪ್ಟೆಂಬರ್ 16ಕ್ಕೆ ಅಲ್ಲಿ ಹೈದರಾಬಾದ್ ವಿಷಯ ಬಂತು. ಮರುದಿನವೇ ಇಲ್ಲಿ ನಿಜಾಮರು ಶರಣಾದರು. ಅದೇ ತಿಂಗಳ ಕೊನೆಗೆ ಅದೇ ಮಂಡಳಿಯ ಮುಂದೆ ಬರ್ಲಿನ್ ದೂರು ಹೋಯಿತು. ನಮ್ಮ ಬೀದರ್, ಕಲಬುರಗಿ ಸೇರಿದ್ದ ರಾಜ್ಯದ ಕಾಗದ, ಅದರ ಹಿಂದೆಯೇ ಬರ್ಲಿನ್ ಕಾಗದ. ಮಕ್ಕಳಿಗೆ ಇದನ್ನು ಹೇಳಲೇಬೇಕು.

ಶಹಾಬಾದ್ ಫರ್ಸಿ:

ಮಾಸ್ತರ್ ಸರ್, ಬರ್ಲಿನ್ ಚೆನ್ನಾಗಿ ಹೇಳಿದಿರಿ. ಆದರೆ ಹೆದರಿಕೆಯ ಇನ್ನೊಂದು ಮುಖ ಬಿಟ್ಟಿರಿ. ನಮ್ಮಪ್ಪ ಕಲ್ಲಿನ ಖಣಿಯಲ್ಲಿ ದುಡಿದವರು. ಕೂಲಿ ಜಾಸ್ತಿ ಮಾಡಿ ಅಂತ ನಾಲ್ಕು ಜನರನ್ನು ಕೂಡಿಸಿದ್ದಕ್ಕೆ "ಕೆಂಪು ಝಂಡಾದವನು", ಅಂದರೆ ಕಮ್ಯುನಿಸ್ಟ್, ಅಂತ ಹೆಸರು ಬಿತ್ತು. ಆಮೇಲೆ ಎರಡು ವರ್ಷ ಆ ಸುತ್ತಿನಲ್ಲಿ ಯಾವ ಖಣಿಯಲ್ಲೂ ಕೆಲಸ ಸಿಗಲಿಲ್ಲ. ಅವರು ಯಾವ ಪಕ್ಷದ ಸದಸ್ಯರೂ ಆಗಿರಲಿಲ್ಲ.

ಅಮೆರಿಕದಲ್ಲಿ ಆದದ್ದೂ ಇದೇ. 1947ರಲ್ಲಿ ಸರ್ಕಾರಿ ನೌಕರರ ನಿಷ್ಠೆ ಪರೀಕ್ಷೆ ಮಾಡಲು ಟ್ರೂಮನ್ ಆದೇಶ ತಂದರು. 1950ರ ಫೆಬ್ರವರಿಯಲ್ಲಿ ಮೆಕಾರ್ಥಿ ಎಂಬ ಸೆನೆಟರ್ ವಿದೇಶಾಂಗ ಇಲಾಖೆಯಲ್ಲಿ ಕಮ್ಯುನಿಸ್ಟರಿದ್ದಾರೆ, ಪಟ್ಟಿ ನನ್ನ ಕೈಯಲ್ಲಿದೆ ಅಂದರು. ಪಟ್ಟಿಯ ಸಂಖ್ಯೆ ಒಂದೊಂದು ಸಲ ಒಂದೊಂದು. ರುಜುವಾತು ಕೊಡಲೇ ಇಲ್ಲ. ಮೇಷ್ಟ್ರುಗಳು, ನಟರು, ಗುಮಾಸ್ತರು ಕೆಲಸ ಕಳೆದುಕೊಂಡರು. 1954ರ ಡಿಸೆಂಬರ್‌ನಲ್ಲಿ ಸೆನೆಟ್ ಮೆಕಾರ್ಥಿಯವರನ್ನು ಖಂಡಿಸಿತು, 67ಕ್ಕೆ 22 ಮತ. ಅಷ್ಟೊತ್ತಿಗೆ ಎಷ್ಟೋ ಮನೆಗಳ ಒಲೆ ಆರಿತ್ತು.

ಬೀದರ್ ಮಾಸ್ತರ್:

ನಿಮ್ಮ ತಂದೆಯವರ ಮಾತು ಓದಿ ಸಂಕಟವಾಯಿತು. ನೀವು ಹೇಳಿದ್ದು ಸರಿ. ಅದನ್ನು ನಾನು ಮೊದಲೇ ಬರೆಯಬೇಕಿತ್ತು.

ತೆಲಂಗಾಣದ ಮಾತೂ ಹೇಳಿಬಿಡುತ್ತೇನೆ. ನಲ್ಗೊಂಡ, ವಾರಂಗಲ್ ಕಡೆ ರೈತರು ಎದ್ದದ್ದು ಮಾಸ್ಕೋದಿಂದ ಯಾರೋ ಹೇಳಿದರು ಅಂತಲ್ಲ. ದೇಶಮುಖರ (ದೊಡ್ಡ ಜಮೀನ್ದಾರರ) ಹೊಲದಲ್ಲಿ ತಲೆತಲಾಂತರದಿಂದ ಬಿಟ್ಟಿ ಚಾಕರಿ ಇತ್ತು. ಅದಕ್ಕೆ ಎದ್ದರು, ಕಮ್ಯುನಿಸ್ಟರು ಮುಂದೆ ನಿಂತರು. ಆಗ ತಾಂಡೂರು, ಕೊಡಂಗಲ್ ಕೂಡ ನಮ್ಮ ಗುಲ್ಬರ್ಗಾ ಜಿಲ್ಲೆಯವೇ. ಸುದ್ದಿ ಚಿತ್ತಾಪುರಕ್ಕೆ ಬರಲು ಎಷ್ಟು ಹೊತ್ತು? ಪೊಲೀಸ್ ಆ್ಯಕ್ಷನ್ ಆದ ಮೇಲೂ ಸೈನ್ಯ ಅಲ್ಲಿ ಉಳಿಯಿತು. ಹೋರಾಟ ನಿಂತದ್ದು 1951ರ ಅಕ್ಟೋಬರ್‌ನಲ್ಲಿ. ಅಷ್ಟರಲ್ಲಿ 1949ಕ್ಕೆ ಜಾಗೀರು ರದ್ದಾಗಿತ್ತು, 1950ಕ್ಕೆ ಗೇಣಿ ಕಾನೂನು ಬಂದಿತ್ತು. ವಿನೋಬಾ ಭಾವೆಯವರ ಭೂದಾನ ಶುರುವಾದದ್ದೂ 1951ರ ಏಪ್ರಿಲ್‌ನಲ್ಲಿ, ತೆಲಂಗಾಣದ ಪೋಚಂಪಲ್ಲಿಯಲ್ಲೇ.

ಒಂದು ವಿನಂತಿ. ಆ ಸೆಪ್ಟೆಂಬರ್ ಹೇಳುವಾಗ ರಜಾಕಾರರ ದೌರ್ಜನ್ಯ ಹೇಳಿ. ಅದರ ಬೆನ್ನಿಗೇ ನಮ್ಮ ಜಿಲ್ಲೆಗಳ ಮುಸ್ಲಿಂ ಕುಟುಂಬಗಳ ಮೇಲೆ ಆದ ಹಿಂಸೆಯನ್ನೂ ಹೇಳಿ. ನಿಮ್ಮ ಕ್ಲಾಸಿನಲ್ಲಿ ಎರಡೂ ಮನೆಯ ಮಕ್ಕಳು ಕೂತಿರುತ್ತಾರೆ.

ಸುರಪುರ ತಮ್ಮ (ಯಾದಗಿರಿ):

ಅಕ್ಕಾ, ಕೊರಿಯಾ ಯುದ್ಧ ಬಿಡಬೇಡಿ. ಅಲ್ಲೂ ಒಂದು ಕಡೆ ಕಮ್ಯುನಿಸ್ಟರು, ಇನ್ನೊಂದು ಕಡೆ ಅಮೆರಿಕ. ಮಕ್ಕಳಿಗೆ ಇಷ್ಟ ಆಗುತ್ತದೆ. 1953ರಲ್ಲಿ ಗುಂಡು ನಿಂತ ಮೇಲೆ ವಾಪಸ್ ಊರಿಗೆ ಹೋಗಲ್ಲ ಅನ್ನುವ ಯುದ್ಧ ಕೈದಿಗಳು ಇಪ್ಪತ್ತೆರಡು ಸಾವಿರಕ್ಕೂ ಜಾಸ್ತಿ ಇದ್ದರು. ಅವರ ವಿಚಾರ ನೋಡಿಕೊಂಡ ಆಯೋಗದ ಅಧ್ಯಕ್ಷರು ನಮ್ಮ ಕೊಡಗಿನ ಸೇನಾಧಿಕಾರಿ ತಿಮ್ಮಯ್ಯನವರು. ಯಾವ ಕಡೆಗೂ ವಾಲದೆ ನಡೆಸಿದರು.

ಇನ್ನೊಂದು. ಬರಗಾಲದಲ್ಲಿ ನಾವು ಅಮೆರಿಕಕ್ಕೆ 20 ಲಕ್ಷ ಟನ್ ಧಾನ್ಯ ಕೇಳಿದ್ದೆವು. ಕೊರಿಯಾ ವಿಷಯದಲ್ಲಿ ನೆಹರು ಅಮೆರಿಕದ ಮಾತಿಗೆ ತಲೆಯಾಡಿಸಲಿಲ್ಲ ಅಂತ ಅಲ್ಲಿನ ಸಂಸತ್ತಿನಲ್ಲಿ ತಿಂಗಳುಗಟ್ಟಲೆ ಎಳೆದರು. 1951ರ ಜೂನ್‌ನಲ್ಲಿ 19 ಕೋಟಿ ಡಾಲರ್ ಸಾಲವಾಗಿ ಕೊಟ್ಟರು. ಹೊಟ್ಟೆ ಹಸಿದವರಿಗೆ ಆ ತಿಂಗಳುಗಳು ಹೇಗೆ ಕಳೆದಿರಬೇಕು, ನೆನೆದರೆ ಮೈ ಉರಿಯುತ್ತದೆ.

ಬ್ರಹ್ಮಪುರ ಟೀಚರ್ (ಕಲಬುರಗಿ):

ಮಾಸ್ತರ್ ಸರ್, ಅಣ್ಣಾ, ತಮ್ಮಾ, ಎಲ್ಲರಿಗೂ ಶರಣು. ನೀವು ಬರೆದದ್ದನ್ನು ರಾತ್ರಿ ಮುತ್ಯಾನಿಗೆ ಓದಿ ಹೇಳಿದೆ. ಬಿಟ್ಟಿ ಚಾಕರಿ ಅಂದ ಕೂಡಲೇ ಕೈ ಎತ್ತಿ ನಿಲ್ಲಿಸಿದರು. ಬಹಳ ಹೊತ್ತು ಮಾತಾಡಲಿಲ್ಲ.

ಆಮೇಲೆ ಹೇಳಿದರು. ಆ ಹಗೇವು ತೋಡಿದವನು ಅವರದೇ ಹೊಲದ ಆಳು. ದಿನಕ್ಕೆ ಒಂದು ಸೇರು ಜೋಳ ಅವನ ಕೂಲಿ. "ಕಮ್ಯುನಿಸ್ಟರನ್ನ ನಮ್ಮೂರಾಗ ಯಾರೂ ಕಂಡಿಲ್ಲವ್ವಾ. ಅಪ್ಪಗ ಹೆದರಿಕಿ ಅವಂದೇ ಇತ್ತು. ಹಗೇವು ಎಲ್ಲದ ಅನ್ನೋದು ಅವಗ ಗೊತ್ತಿತ್ತಲ್ಲ."

ದೀವಳಿಗೆ ಕಳೆದ ಮೇಲೆ ಬಾಯಿ ತೆರೆದರಂತೆ. ಕೆಟ್ಟ ಗಾಳಿ ಹೋಗಲಿ ಅಂತ ಒಂದು ದಿನ ಬಿಟ್ಟು, ದೀಪ ಇಳಿಸಿ ನೋಡಿ, ಆಮೇಲೆ ಒಳಗೆ ಇಳಿದವನೂ ಅದೇ ಆಳು. ಗೋಡೆಗೆ ಹತ್ತಿದ ಜೋಳ ಮುಗ್ಗಿ ಕಪ್ಪಾಗಿತ್ತಂತೆ. ಅದನ್ನು ಬೇರೆ ಮಾಡಿ ಅವನ ಉಡಿಗೆ ಹಾಕಿದರಂತೆ. ಮುತ್ಯಾ ಅಲ್ಲೇ ನಿಂತು ನೋಡಿದ್ದರು.

ಸೋಮವಾರ ಎರಡನೇ ಪೀರಿಯಡ್ ನನ್ನದು. ಮುತ್ಯಾ ತಾವೇ ಬರುತ್ತೇನೆ ಅಂದಿದ್ದಾರೆ. ಆಟೋಕ್ಕೆ ಹೇಳಿದ್ದೇನೆ.