ಎರಡು ಬಿಂದುಗಳ ಸರಳರೇಖೆ: ಒಂದು ಬಿಂದು ತಾಳೆಯಾಗುತ್ತದೆ, ಇನ್ನೊಂದು ಆಗುವುದಿಲ್ಲ

ಪೆನ್ಸಿಲ್‌ತುದಿ:
(−2, 5) ಮತ್ತು (4, −7) ಬಿಂದುಗಳ ಮೂಲಕ ಹೋಗುವ ರೇಖೆಯ ಸಮೀಕರಣ ಬೇಕಿತ್ತು. ನನಗೆ ಬಂದದ್ದು ವೈ = −6ಎಕ್ಸ್ − 7. ಮೊದಲ ಬಿಂದು ಹಾಕಿದರೆ ಸರಿಯಿದೆ. ಎರಡನೆಯದು ಹಾಕಿದರೆ −7 ಬರಬೇಕಾದ ಕಡೆ −31 ಬರುತ್ತಿದೆ. ಮೂರು ಸಲ ಮಾಡಿದೆ, ಮೂರು ಸಲವೂ ಅದೇ. ಸೂತ್ರವೇ ತಪ್ಪಾ?

ಗ್ರಾಫ್‌ಹಾಳೆ:
ಸೂತ್ರದ ತಪ್ಪಿರಲಾರದು. ಇಳಿಜಾರು (ವೈಗಳ ವ್ಯತ್ಯಾಸವನ್ನು ಎಕ್ಸ್‌ಗಳ ವ್ಯತ್ಯಾಸದಿಂದ ಭಾಗಿಸಿದ್ದು) ಹೇಗೆ ತೆಗೆದಿರಿ? ಆ ಒಂದು ಸಾಲು ಹಾಕಿ.

ಪೆನ್ಸಿಲ್‌ತುದಿ:
(−7 − 5) / (4 − 2) = −12 / 2 = −6

ಗ್ರಾಫ್‌ಹಾಳೆ:
ಸಿಕ್ಕಿತು. ಛೇದ 4 − 2 ಅಲ್ಲ, 4 − (−2). ಬಿಂದುವಿನ ಜೊತೆ ಬಂದ ಮೈನಸ್ ಒಂದು, ಸೂತ್ರದ ಮೈನಸ್ ಇನ್ನೊಂದು. ನೀವು ಒಂದನ್ನು ನುಂಗಿದ್ದೀರಿ. ಸಂಖ್ಯಾರೇಖೆಯ ಮೇಲೆ ಬೆರಳಿಟ್ಟು ನೋಡಿ: −2ರಿಂದ ಸೊನ್ನೆಗೆ ಎರಡು ಹೆಜ್ಜೆ, ಅಲ್ಲಿಂದ 4ಕ್ಕೆ ನಾಲ್ಕು. ಒಟ್ಟು 6 ಅಲ್ವಾ? ಇಳಿಜಾರು −12 / 6 = −2.

ವೈ − 5 = −2(ಎಕ್ಸ್ + 2)
ವೈ = −2ಎಕ್ಸ್ + 1

ಎಕ್ಸ್ ಜಾಗದಲ್ಲಿ 4 ಹಾಕಿ: −8 + 1 = −7.

ಮೊದಲ ಬಿಂದು ಸರಿ ಬಂತೆಂದು ಜಾಸ್ತಿ ನಂಬಬೇಡಿ. ಅದನ್ನೇ ಇಟ್ಟುಕೊಂಡು ಸಮೀಕರಣ ಬರೆದಿದ್ದೀರಿ. ಎಕ್ಸ್‌ಗೆ −2 ಹಾಕಿದರೆ ಬಲಗಡೆಯ ಆವರಣ ಸೊನ್ನೆ. ಇಳಿಜಾರು −6 ಇರಲಿ, 600 ಇರಲಿ, ವೈ 5 ಬಂದೇ ಬರುತ್ತದೆ. ತಾಳೆ ನೋಡುವುದಾದರೆ ಇನ್ನೊಂದು ಬಿಂದುವಿನಲ್ಲೇ ನೋಡಬೇಕು.

ಪೆನ್ಸಿಲ್‌ತುದಿ:
ಛೇ, ಮೂರು ಸಲವೂ ಅದೇ ಮೈನಸ್ ನುಂಗಿದ್ದೇನೆ! ಮುಂದಿನ ಲೆಕ್ಕ (3, 1) ಮತ್ತು (3, 8). ಛೇದ ಸೊನ್ನೆ ಬರುತ್ತಿದೆ. ಇಲ್ಲೂ ಅದೇ ಎಡವಟ್ಟಾ?

ಚೌಕಮನೆ:
ಇಲ್ಲ, ಇದು ನಿಜವಾದ ಸೊನ್ನೆ. ರೇಖೆ ನೆಟ್ಟಗೆ ನಿಂತಿದೆ, ಅದಕ್ಕೆ ಇಳಿಜಾರು ಹೇಳಲು ಬರುವುದಿಲ್ಲ. ನಾನೊಮ್ಮೆ ಬರೆದ ಪ್ರೋಗ್ರಾಮ್ ಇಂಥದ್ದೇ ಬಿಂದುಗಳು ಸಿಕ್ಕಾಗ ಎರರ್ ಕೊಟ್ಟು ನಿಂತಿತ್ತು. ಆಮೇಲೆ ಭಾಗಿಸುವ ಗೋಜಿಗೇ ಹೋಗಿಲ್ಲ, ಅಡ್ಡ ಗುಣಿಸುತ್ತೇನೆ:

(ವೈ − 1)(3 − 3) = (8 − 1)(ಎಕ್ಸ್ − 3)

ಎಡಗಡೆ ಸೊನ್ನೆಯಾಗಿ ಎಕ್ಸ್ = 3 ತಾನಾಗಿ ಉಳಿಯುತ್ತದೆ. ಓರೆ ರೇಖೆಗೂ ಇದೇ ಸಾಲು ನಡೆಯುತ್ತದೆ. ಕೊಟ್ಟ ಎರಡು ಬಿಂದುಗಳೂ ಒಂದೇ ಆಗಿದ್ದರೆ ಮಾತ್ರ 0 = 0 ಎಂದು ಕೂತುಬಿಡುತ್ತದೆ.

ಪೆನ್ಸಿಲ್‌ತುದಿ:
ಬಂತು. ಮೊದಲನೆಯ ಲೆಕ್ಕವನ್ನೂ ಅಡ್ಡ ಗುಣಿಸಿ ನೋಡಿದೆ, ಅದೇ ವೈ = −2ಎಕ್ಸ್ + 1. ಈ ಸಲ ತಾಳೆ ನೋಡಿದ್ದು 4ರಲ್ಲಿ.