‘ಫ್ಯೂಡಲಿಸಂ’ಗೆ ಪಾಳೇಗಾರಿಕೆಯೋ, ಊಳಿಗಮಾನ್ಯವೋ?

ಫ್ಯೂಡಲಿಸಂ, ಅಂದರೆ ಮಧ್ಯಯುಗದ ಯುರೋಪಿನಲ್ಲಿ ಸೇವೆಗೆ ಬದಲಾಗಿ ಜಮೀನು ಬಿಟ್ಟುಕೊಡುತ್ತಿದ್ದ ವ್ಯವಸ್ಥೆ. ಅದಕ್ಕೆ ಕನ್ನಡದಲ್ಲಿ ಎರಡೂ ಪದ ಓಡಾಡುತ್ತಿವೆ. ಪದದ ಬುಡ ನೋಡಿದರೆ ನನ್ನ ಮತ ಊಳಿಗಮಾನ್ಯಕ್ಕೆ.

ಬುಡದಲ್ಲಿರುವುದು ಮಧ್ಯಯುಗದ ಲ್ಯಾಟಿನ್ನಿನ ‘ಫ್ಯೂಡಂ’. ಯುದ್ಧ ಬಂದಾಗ ಕುದುರೆ ಏರಿ ಬರಬೇಕು ಎಂಬಂಥ ಕರಾರಿನ ಮೇಲೆ ಒಡೆಯ ತನ್ನವನಿಗೆ ಬಿಟ್ಟುಕೊಟ್ಟ ಜಮೀನು ಅದು. ಪದ ಹುಟ್ಟಾ ಲ್ಯಾಟಿನ್ ಅಲ್ಲ, ಜರ್ಮನಿಕ್ ಕಡೆಯಿಂದ ಬಂದದ್ದು ಅಂತ ಹೆಚ್ಚಿನ ನಿಘಂಟುಗಳು ಹೇಳುತ್ತವೆ. ಅಲ್ಲಿ ‘ಫೆಹು’ ಅಂದರೆ ಮೊದಲು ದನಕರು, ಆಮೇಲೆ ಆಸ್ತಿ. ಲ್ಯಾಟಿನ್ನಿನ ‘ಪೆಕು’, ಸಂಸ್ಕೃತದ ‘ಪಶು’ ಇದರ ಒಡಹುಟ್ಟುಗಳು. ನಮ್ಮ ‘ದನ’ವೂ ‘ಧನ’ದ ತದ್ಭವವೇ ಅಲ್ವಾ? ಎಷ್ಟು ದೂರದ ನುಡಿಗಳು, ಒಂದೇ ಯೋಚನೆ! ಇಂಗ್ಲಿಷಿನಲ್ಲಿ ಹಗೆತನಕ್ಕೆ ಹೇಳುವ ‘ಫ್ಯೂಡ್’ ಮಾತ್ರ ಬೇರೆ ಮೂಲದ್ದು. ಅದನ್ನು ಇಲ್ಲಿಗೆ ಗಂಟುಹಾಕಬಾರದು.

ಆ ಕಾಲದ ಜನ ತಮ್ಮ ಬದುಕನ್ನು ಫ್ಯೂಡಲಿಸಂ ಅಂತ ಕರೆದವರಲ್ಲ. ಇಡೀ ವ್ಯವಸ್ಥೆಗೆ ಈ ಹೆಸರು ಅಂಟಿದ್ದು ನೂರಾರು ವರ್ಷ ಕಳೆದ ಮೇಲೆ. 1789ರ ಆಗಸ್ಟ್‌ನಲ್ಲಿ ಫ್ರಾನ್ಸಿನ ರಾಷ್ಟ್ರೀಯ ಸಭೆ ‘ಫ್ಯೂಡಲ್ ವ್ಯವಸ್ಥೆ’ಯನ್ನು ರದ್ದು ಮಾಡುತ್ತೇವೆ ಅಂದಾಗ, ರೈತರ ಮೇಲಿದ್ದ ಒಡೆಯರ ಹಕ್ಕು, ವಸೂಲಿಗಳೆಲ್ಲ ಆ ಪದದೊಳಗೆ ಸೇರಿದ್ದವು. ಅಷ್ಟು ಹೊತ್ತಿಗೆ ಅರ್ಥ ಜಮೀನಿನ ಕರಾರನ್ನು ದಾಟಿ ದಬ್ಬಾಳಿಕೆಯವರೆಗೆ ಹಿಗ್ಗಿತ್ತು. 1974ರಲ್ಲಿ ಇತಿಹಾಸಕಾರ್ತಿ ಎಲಿಜಬೆತ್ ಬ್ರೌನ್ ಅವರಂತೂ ಈ ಪದವನ್ನೇ ಬಿಟ್ಟುಬಿಡಿ ಎಂದು ವಾದಿಸಿದರು. ಊರಿಗೊಂದು ಥರ ಇದ್ದ ಸಂಬಂಧಗಳನ್ನು ಅದು ಒಂದೇ ಅಚ್ಚಿಗೆ ಹಾಕುತ್ತದೆ ಅನ್ನುವುದು ಅವರ ತಕರಾರು. ನನಗೆ ಅದು ನ್ಯಾಯ ಅನ್ನಿಸುತ್ತದೆ. ಆದರೆ ಪಾಠ ಮಾಡುವವರಿಗೆ ಒಂದು ಪದ ಬೇಕಲ್ಲ.

ಊಳಿಗ ಅಂದರೆ ಸೇವೆ. ಮಾನ್ಯ ಅಂದರೆ ಕಂದಾಯವಿಲ್ಲದೆ ಬಿಟ್ಟ ಜಮೀನು. ಫ್ಯೂಡಂನ ತಿರುಳೇ ಇದು. ಪಾಳೇಗಾರ ಬಂದದ್ದು ಪಾಳೆಯದಿಂದ, ಅಂದರೆ ದಂಡು ಬೀಡುಬಿಟ್ಟ ಜಾಗದಿಂದ. ಚಿತ್ರದುರ್ಗದ ನಾಯಕರ ಚರಿತ್ರೆಗೆ ಆ ಪದ ಸರಿ, ಇವತ್ತಿನ ದರ್ಪದ ಮಾತಿಗೂ ಸರಿ. 12ನೇ ಶತಮಾನದ ಫ್ರಾನ್ಸಿಗೆ ಸುಮ್ನೆ ಅಂಟಿಸಿದರೆ ದಾರಿ ತಪ್ಪಿಸುತ್ತದೆ. ವಿಜಯನಗರದಲ್ಲಿ ಸೈನ್ಯ ಸಾಕಲು ನಾಯಕರಿಗೆ ಬಿಟ್ಟ ‘ಅಮರ’ ಜಮೀನು ಪಾಳೇಗಾರಿಕೆಗಿಂತ ಫ್ಯೂಡಂಗೆ ಹತ್ತಿರ.

ಊಳಿಗಮಾನ್ಯದಲ್ಲೂ ಒಂದು ತೊಡಕಿದೆ. ನಮ್ಮಲ್ಲಿ ಮಾನ್ಯ ಸಿಗುತ್ತಿದ್ದದ್ದು ತಳವಾರ, ನೀರಗಂಟಿ, ಪೂಜಾರಿಗೂ. ಯುರೋಪಿನಲ್ಲಿ ಜಾಸ್ತಿ ಪಾಲು ಆಯುಧ ಹಿಡಿದ ಕುಲೀನರಿಗೆ. ಉಳುವ ರೈತ ಈ ಕರಾರಿನ ಹೊರಗೇ ಇದ್ದ. ಇದನ್ನು ಮಕ್ಕಳಿಗೆ ಬಿಡಿಸಿ ಹೇಳಬೇಕು.

ಊಳಿಗಕ್ಕೆ ಬಿಟ್ಟ ಹೊಲಕ್ಕೆ ನಿಮ್ಮ ಕಡೆ ಏನಂತಾರೆ? ಉಂಬಳಿ, ಇನಾಮು, ಕೆರೆ ಕೆಲಸಕ್ಕೆ ಬಿಟ್ಟ ಕಟ್ಟುಕೊಡಗಿ ಇವನ್ನು ಬಲ್ಲೆ. ಬೇರೆ ಹೆಸರಿದ್ದರೆ ಊರಿನ ಸಮೇತ ಬರೆಯಿರಿ.